ಮಿಷನ್‌ಗೆ ಹೊರಟಿದ್ದೀರಾ? ಬಿಳಿ ಅಂಗಿ, ಬೆಲ್ಲದ ಸಾರು ಮತ್ತು ಬಿಟ್ಟಿರಲಾಗದ ಜೊತೆಗಾರ

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹುಡುಗರು ನನ್ನನ್ನು ಒಂದು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅಣ್ಣ, ಮಿಷನ್‌ನಲ್ಲಿ ನಿಜವಾಗಿ ಏನಿರುತ್ತೆ?" ಮಿಷನ್ ಅಂದ್ರೆ ಸಭೆಯ ಹುಡುಗ ಹುಡುಗಿಯರು ಮನೆ ಬಿಟ್ಟು, ಕಳಿಸಿದ ಊರಲ್ಲಿದ್ದು, ನಮ್ಮ ನಂಬಿಕೆಯನ್ನು ಬೋಧಿಸುತ್ತಾ ಸೇವೆ ಮಾಡುವುದು. ಏನು ಬೋಧಿಸಬೇಕು ಅನ್ನೋದು ಅವರಿಗೆ ಗೊತ್ತು. ಗೊತ್ತಿಲ್ಲದೇ ಇರೋದು ಅನ್ನ ಯಾರು ಮಾಡ್ತಾರೆ, ಅಂಗಿ ಯಾರು ಒಗೀತಾರೆ, ಜೊತೆಗಿರುವವನು ಮಾತು ಬಿಟ್ಟರೆ ಏನು ಮಾಡಬೇಕು ಅನ್ನೋದು. ಈ ಬರಹ ಅದಕ್ಕೆ. ಹೊರಟಿರುವವರ ಅಪ್ಪ ಅಮ್ಮಂದಿರೂ ಓದಬಹುದು.

ನಮ್ಮ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಜನ ಮಾರ್ಮನ್ ಅನ್ನುವುದು ನಮ್ಮನ್ನೇ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರುಮಾಡಿದ ಸಭೆ ಇದು. ಈಗ ಮುಖ್ಯ ಕಚೇರಿ ಇರುವುದು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅಡ್ಡಹೆಸರು ಬೇಡ, ಪೂರ್ತಿ ಹೆಸರು ಹೇಳಿ ಅಂತ 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಬಸ್ಸಿನಲ್ಲಿ ಪಕ್ಕದವರು "ಯಾವ ಚರ್ಚಪ್ಪಾ?" ಅಂತ ಕೇಳಿದರೆ, ಹೇಳಿ ಮುಗಿಸುವಷ್ಟರಲ್ಲಿ ಅವರ ಸ್ಟಾಪ್ ಬಂದಿರುತ್ತೆ.

ಅರ್ಜಿ ಹಾಕುವ ಮೊದಲು

ಹುಡುಗರಿಗೆ 18 ವರ್ಷ ತುಂಬಿರಬೇಕು, ಸೇವೆ 2 ವರ್ಷ. ಹುಡುಗಿಯರದು 18 ತಿಂಗಳು. ಹುಡುಗಿಯರ ವಯಸ್ಸಿನ ಮಿತಿ 2012ರಲ್ಲಿ 21ರಿಂದ 19ಕ್ಕೆ ಇಳಿಯಿತು, 2025ರ ನವೆಂಬರ್‌ನಲ್ಲಿ 18 ಆಯಿತು. ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡವರು ಒಂದು ವರ್ಷವಾದರೂ ಕಾಯಬೇಕು.

ಮೊದಲು ಬಿಷಪ್ ಅಥವಾ ಬ್ರ್ಯಾಂಚ್ ಪ್ರೆಸಿಡೆಂಟ್, ಅಂದ್ರೆ ನಿಮ್ಮ ಊರಿನ ಸಭೆ ನೋಡಿಕೊಳ್ಳುವವರ ಜೊತೆ ಮಾತಾಡಿ. ಅವರಿಗೂ ಸಂಬಳವಿಲ್ಲ, ವಾರವಿಡೀ ಬೇರೆ ಕೆಲಸ ಇರುತ್ತೆ. ಹಾಗಾಗಿ ಮೊದಲೇ ಸಮಯ ಕೇಳಿಕೊಂಡು ಹೋಗಿ. ಆಮೇಲೆ ಆನ್‌ಲೈನ್ ಅರ್ಜಿ, ವೈದ್ಯರ ತಪಾಸಣೆ, ಹಲ್ಲಿನ ತಪಾಸಣೆ. ಹಲ್ಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ನೋವೇ ಇಲ್ಲ, ಆಮೇಲೆ ನೋಡೋಣ" ಅಂತ ನಾನು ಒಂದು ದವಡೆ ಹಲ್ಲನ್ನು ಹಾಗೇ ಬಿಟ್ಟಿದ್ದೆ. ಅದು ನೋಯಲು ಶುರುವಾದದ್ದು ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಮಾಡಿಸಿ.

ಮನೆಯವರು ಸಭೆಯವರಲ್ಲದಿದ್ದರೆ ಅರ್ಜಿಗೆ ಮುಂಚೆ ಅವರ ಜೊತೆ ಕೂತುಕೊಳ್ಳಿ. ಎಲ್ಲಿಗೆ ಹೋಗಬೇಕು ಅಂತ ತಿಳಿಸುವ ಪತ್ರ ಬಂದ ಮೇಲೆ "ಅಮ್ಮ, ಮುಂದಿನ ತಿಂಗಳು ಹೊರಡ್ತೀನಿ, 2 ವರ್ಷ" ಅಂದರೆ ಯಾವ ತಾಯಿ ಸುಮ್ನೆ ಇರ್ತಾರೆ? ನಮ್ಮಪ್ಪ ಕೇಳಿದ್ದು ಎರಡೇ ಪ್ರಶ್ನೆ. ಡಿಗ್ರಿ ಏನಾಗುತ್ತೆ? ಖರ್ಚು ಯಾರದು? ಎರಡಕ್ಕೂ ಉತ್ತರ ಸಿದ್ಧ ಇಟ್ಟುಕೊಂಡು ಹೋಗಿ.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ಮಿಷನರಿಗೆ ಸಂಬಳ ಇಲ್ಲ. ಅಮೆರಿಕದಿಂದ ಹೊರಡುವವರು ಯಾವ ದೇಶಕ್ಕೆ ಹೋದರೂ ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಾರೆ. 2020ರ ಜುಲೈವರೆಗೆ 400 ಡಾಲರ್ ಇತ್ತು, ಆಮೇಲೆ 500. ನಮ್ಮ ಕಡೆ ಮನೆಯ ಪರಿಸ್ಥಿತಿ ನೋಡಿಕೊಂಡು ಬಿಷಪ್ ಜೊತೆ ಮಾತಾಡಬೇಕು. ಕೈಲಾದಷ್ಟು ನೀವೂ ಉಳಿಸಿ. ಒಂದು ವರ್ಷ ಸಂಜೆ ಹೊತ್ತು ಟ್ಯೂಷನ್ ಹೇಳಿಕೊಟ್ಟ ದುಡ್ಡನ್ನು ನಾನು ಬೇರೆ ಖಾತೆಯಲ್ಲಿಟ್ಟಿದ್ದೆ. ಅಪ್ಪ ಒಪ್ಪಿದ್ದು ಆ ಪಾಸ್‌ಬುಕ್ ನೋಡಿದ ಮೇಲೆ.

ಯಾವ ಊರು, ಯಾವ ಭಾಷೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಹನ್ನೆರಡು ಅಪೊಸ್ತಲರು ಅಂತ ನಮ್ಮ ಸಭೆಯ ಹಿರಿಯ ನಾಯಕರಿದ್ದಾರೆ, ಅವರಲ್ಲಿ ಒಬ್ಬರು ಅದನ್ನು ತೀರ್ಮಾನಿಸುತ್ತಾರೆ. ನಾನು ಫಿಲಿಪ್ಪೀನ್ಸ್, ಅಮೆರಿಕ ಅಂತೆಲ್ಲ ಕನಸು ಕಂಡಿದ್ದೆ. 2017ರಲ್ಲಿ ಬಂದ ಲಕೋಟೆ ಒಡೆದರೆ ಬೆಂಗಳೂರು ಮಿಷನ್! ನಾನು ಹುಟ್ಟಿ ಬೆಳೆದದ್ದೇ ಬೆಂಗಳೂರು. ಅಕ್ಕ ಅರ್ಧ ಗಂಟೆ ನಕ್ಕಳು. ಆದರೆ 1993ರಲ್ಲಿ ಶುರುವಾದ ಈ ಮಿಷನ್ ಅಂದ್ರೆ ಬರೀ ಬೆಂಗಳೂರಲ್ಲ, ದಕ್ಷಿಣದ ಎಷ್ಟೋ ಊರುಗಳು ಇದಕ್ಕೆ ಸೇರಿದ್ದವು. ನನ್ನನ್ನು ಹಾಕಿದ್ದು ಗೋದಾವರಿ ದಡದ ರಾಜಮಂಡ್ರಿಗೆ.

ಪೆಟ್ಟಿಗೆಯಲ್ಲಿ ಏನಿರಬೇಕು

ಪಟ್ಟಿ ಸಭೆಯವರೇ ಕಳಿಸುತ್ತಾರೆ. ಬಿಳಿ ಅಂಗಿ, ಗಾಢ ಬಣ್ಣದ ಪ್ಯಾಂಟು, ಟೈ. ಹುಡುಗಿಯರಿಗೆ ಸ್ಕರ್ಟು, ಫ್ರಾಕು, 2018ರ ಡಿಸೆಂಬರ್‌ನಿಂದ ಪ್ಯಾಂಟೂ ಆಗುತ್ತೆ. ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ಲೇಸ್ ಇರುವ ಶೂ ತೆಗೆದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಪ್ರತಿ ಮನೆ ಬಾಗಿಲಲ್ಲೂ ಶೂ ಬಿಚ್ಚಬೇಕು. ದಿನಕ್ಕೆ ಎಂಟು ಹತ್ತು ಸಲ ಬಗ್ಗಿ ಲೇಸ್ ಕಟ್ಟುತ್ತಾ ಕೂತರೆ ಜೊತೆಗಾರ ಗೇಟಿನ ಹತ್ತಿರ ನಿಂತು ಆಕಾಶ ನೋಡುತ್ತಿರುತ್ತಾನೆ. ಕಾಲಿಗೆ ತೂರಿಸಿಕೊಂಡು ಹೊರಡುವಂಥ ಶೂ ತೆಗೆದುಕೊಳ್ಳಿ, ಅಟ್ಟೆ ಗಟ್ಟಿಯಿರಲಿ. ಕಾಲುಚೀಲ ಜಾಸ್ತಿ ಇಟ್ಟುಕೊಳ್ಳಿ. ಯಾರದೋ ಮನೆಯ ನಡುಮನೆಯಲ್ಲಿ ಕೂತು ಪ್ರಾರ್ಥನೆಯ ಬಗ್ಗೆ ಹೇಳುವಾಗ ಹೆಬ್ಬೆರಳು ತೂತಿನಿಂದ ಇಣುಕುತ್ತಿದ್ದರೆ ಆ ಮನೆಯ ಮಕ್ಕಳ ಕಣ್ಣೆಲ್ಲ ಅಲ್ಲೇ.

ಇನ್ನು ಬಿಳಿ ಅಂಗಿ. ಏಪ್ರಿಲ್ ಬಿಸಿಲಲ್ಲಿ ಒಂದೇ ದಿನಕ್ಕೆ ಕಾಲರಿನ ಒಳಗೆ ಕಂದು ಗೆರೆ ಮೂಡುತ್ತೆ. ಸಂಜೆ ಬಂದ ತಕ್ಷಣ ಆ ಗೆರೆಯನ್ನಷ್ಟೇ ಒದ್ದೆ ಮಾಡಿ, ಬಾರ್ ಸೋಪು ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿಡಿ. ಒಂದು ವಾರ ಕೂಡಿಟ್ಟರೆ ಆ ಕಲೆ ಹೋಗಲ್ಲ. ಕೊನೇ ನೀರಿಗೆ ಉಜಾಲಾ ಎರಡೇ ಹನಿ. ನಾನು ಮೊದಲ ಸಲ ಮುಚ್ಚಳ ತುಂಬಾ ಸುರಿದು, ಆರು ಅಂಗಿಗಳನ್ನೂ ಆಕಾಶದ ಬಣ್ಣಕ್ಕೆ ತಿರುಗಿಸಿದ್ದೆ. ಬಿಳಿಯೇ ಹಾಕಬೇಕಿದ್ದ ಕಾಲ ಅದು. ಈಗ ಎಷ್ಟೋ ಕಡೆ ನೀಲಿ ಅಂಗಿಗೂ ಒಪ್ಪಿಗೆ ಇದೆಯಂತೆ. ನಾನು ಸ್ವಲ್ಪ ಮುಂಚೆ ಹೋಗಿಬಿಟ್ಟೆ.

ತರಬೇತಿ ಕೇಂದ್ರ

ದೊಡ್ಡ ಕೇಂದ್ರ ಯೂಟಾದ ಪ್ರೊವೊದಲ್ಲಿದೆ. ಭಾರತದ ಹಲವರು ಮನಿಲಾದಲ್ಲಿ ತರಬೇತಿ ಪಡೆದಿದ್ದಾರೆ. ಹೊಸ ಭಾಷೆ ಕಲಿಯಬೇಕಿಲ್ಲದವರಿಗೆ ಕೆಲವೇ ವಾರ, ಕಲಿಯುವವರಿಗೆ ಜಾಸ್ತಿ. ಈಗ ಮೊದಲ ಪಾಠಗಳು ಮನೆಯಲ್ಲೇ ಆನ್‌ಲೈನ್‌ನಲ್ಲಿ ಆಗುತ್ತವೆ. ಇಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಊಟ ಚೆನ್ನಾಗಿರುತ್ತೆ, ನಿದ್ದೆ ಸಾಲಲ್ಲ, ಮೊದಲ ವಾರ ಮನೆ ತುಂಬಾ ನೆನಪಾಗುತ್ತೆ. ಎದೆಯ ಮೇಲೆ ಕಪ್ಪು ಹೆಸರಿನ ಬಿಲ್ಲೆ ಬರುತ್ತೆ. ಅಲ್ಲಿಂದ ನಿಮ್ಮ ಹೆಸರಿಗೆ ರಜೆ. ನೀವು ಎಲ್ಡರ್ ಅಥವಾ ಸಿಸ್ಟರ್, ಅದರ ಜೊತೆ ಮನೆತನದ ಹೆಸರು. ಎಲ್ಡರ್ ಅಂದ್ರೆ ಹಿರಿಯ. ಮೀಸೆ ಸರಿಯಾಗಿ ಚಿಗುರದ ಹುಡುಗ ಹಿರಿಯ ಆಗುತ್ತಾನೆ. ಆ ಚಿಗುರನ್ನೂ ದಿನಾ ಬೋಳಿಸಬೇಕು, ಗಡ್ಡಕ್ಕೆ ಅವಕಾಶವಿಲ್ಲ.

ದಿನ ಹೇಗೆ ಸಾಗುತ್ತೆ

ಸಾಮಾನ್ಯವಾಗಿ ಏಳುವುದು 6.30ಕ್ಕೆ, ದೀಪ ಆರಿಸುವುದು 10.30ಕ್ಕೆ. ಎದ್ದು ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬರೇ ಓದುವುದು, ಜೊತೆಗಾರನ ಜೊತೆ ಓದುವುದು, ಭಾಷೆ ಕಲಿಯುವುದು. ಹೊರಗೆ ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತೆ. ರಾತ್ರಿ 9ರ ಸುಮಾರಿಗೆ ವಾಪಸ್ಸು, ನಾಳೆಯ ಯೋಜನೆ, ನಿದ್ದೆ. ಊರಿನ ಪದ್ಧತಿ ನೋಡಿಕೊಂಡು ಈ ಹೊತ್ತುಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರ ಮನೆ ಬಾಗಿಲಿಗೂ ಹೋಗಬೇಡಿ. ಆ ಹೊತ್ತಲ್ಲಿ ಎಬ್ಬಿಸಿದರೆ ದೇವದೂತನೇ ಬಂದರೂ ಜನ ಒಳಗೆ ಬಿಡಲ್ಲ.

ಸಿನಿಮಾ ಇಲ್ಲ, ಟಿವಿ ಇಲ್ಲ, ಈಜು ಇಲ್ಲ, ಪ್ರೀತಿ ಪ್ರೇಮ ಇಲ್ಲ. ಫೋನ್ ಇರುತ್ತೆ, ಕೆಲಸಕ್ಕಷ್ಟೇ. ಈಜು ಯಾಕಿಲ್ಲ ಅಂತ ಗೋದಾವರಿ ಘಾಟ್‌ನ ಮೆಟ್ಟಿಲ ಮೇಲೆ ಬೆವರು ಒರೆಸಿಕೊಂಡು ನಿಂತಾಗ ನೂರು ಸಲ ಅನ್ನಿಸಿದೆ.

ಭಾಷೆಯ ವಿಷಯದಲ್ಲಿ ಕನ್ನಡದವರಿಗೆ ತೆಲುಗು ನಾಡಿನಲ್ಲಿ ಒಂದು ಅನುಕೂಲ ಇದೆ. ಅಕ್ಷರ ಹೆಚ್ಚುಕಮ್ಮಿ ಒಂದೇ, ಎರಡು ದಿನದಲ್ಲಿ ಅಂಗಡಿ ಬೋರ್ಡು ಓದಬಹುದು. ಅಪಾಯವೂ ಅದೇ. ಓದೋಕೆ ಬಂತು ಅಂದ ತಕ್ಷಣ ಅರ್ಥವೂ ಬಂತು ಅಂದುಕೊಳ್ಳುತ್ತೇವೆ. ತೆಲುಗಿನಲ್ಲಿ 'ವದ್ದು' ಅಂದ್ರೆ ಬೇಡ. ಬಾಯಲ್ಲಿ ಅದು 'ವೊದ್ದು' ಆಗುತ್ತೆ. ಅಜ್ಜಿಯೊಬ್ಬರು ಮೊಮ್ಮಗನಿಗೆ "ವದ್ದು, ವದ್ದು" ಅಂತಿದ್ದರೆ ಯಾರನ್ನು ಒದೆಯಲು ಹೇಳುತ್ತಿದ್ದಾರೆ ಅಂತ ನಾನು ಗಾಬರಿಯಾಗಿದ್ದೆ. 'ಚೆಪ್ಪು' ಅಂದ್ರೆ ಹೇಳು. ಅದೇ ಚೆಪ್ಪು ಅಂದ್ರೆ ಚಪ್ಪಲಿಯೂ ಹೌದು. ಒಂದು ಸಣ್ಣ ನೋಟ್‌ಬುಕ್ ಜೇಬಲ್ಲಿರಲಿ. ದಿನಕ್ಕೆ ಐದು ಮಾತು ಬರೆದುಕೊಂಡು ಅಂದೇ ಎಲ್ಲಾದರೂ ಬಳಸಿ. ತರಕಾರಿ ಅಂಗಡಿಯಷ್ಟು ಒಳ್ಳೆಯ ಶಾಲೆ ಬೇರೆ ಇಲ್ಲ, ತಪ್ಪು ಹೇಳಿದರೆ ಬೆಲೆ ಜಾಸ್ತಿಯಾಗುತ್ತೆ.

ಜೊತೆಗಾರ

ಮಿಷನರಿ ಯಾವತ್ತೂ ಒಬ್ಬನೇ ಇರಲ್ಲ. ಜೊತೆಗಾರ ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಇರಲೇಬೇಕು. ಬಚ್ಚಲುಮನೆಯ ಹೊರತು ಒಂಟಿ ಜಾಗ ಇಲ್ಲ. ಅವನನ್ನು ನೀವು ಆರಿಸಿಕೊಂಡಿಲ್ಲ, ಅವನೂ ನಿಮ್ಮನ್ನು ಆರಿಸಿಕೊಂಡಿಲ್ಲ. ಮೊದಲ 12 ವಾರ ಜೊತೆಗಿರುವವನು ನಿಮಗೆ ಕಲಿಸಿಕೊಡುವವನು. ಆಮೇಲೆ 6 ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತೆ. ನೀವು ಹೋಗಬಹುದು, ಅವನು ಹೋಗಬಹುದು, ಇಬ್ಬರೂ ಅಲ್ಲೇ ಉಳಿಯಬಹುದು.

ಮಿಷನ್ ಬಿಟ್ಟು ಬೇಗ ಮನೆಗೆ ಹೋಗಬೇಕು ಅಂತ ನನಗೆ ಅನ್ನಿಸಿದ್ದೆಲ್ಲ ಬಿಸಿಲಿಂದಲ್ಲ, ಮುಖಕ್ಕೆ ಹಾಕಿದ ಬಾಗಿಲುಗಳಿಂದಲೂ ಅಲ್ಲ, ಜೊತೆಗಾರನಿಂದ. ಉಳಿದುಕೊಂಡದ್ದೂ ಜೊತೆಗಾರನಿಂದಲೇ.

ನನ್ನ ಎರಡನೆಯವನು ಕೊಯಮತ್ತೂರಿನವನು. ಅಡುಗೆ ಚೆನ್ನಾಗಿ ಬರುತ್ತಿತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ನನ್ನ ಸರದಿ ಬಂದ ದಿನ ಅಮ್ಮ ಮಾಡುವ ಹಾಗೆ ಸಾರು ಮಾಡಿ, ಕೊನೆಗೆ ಒಂದು ಚೂರು ಬೆಲ್ಲ ಹಾಕಿದೆ. ಅವನು ಒಂದು ತುತ್ತು ಬಾಯಿಗಿಟ್ಟ. ತಟ್ಟೆ ನೋಡಿದ, ನನ್ನನ್ನು ನೋಡಿದ.

"ಇದು ಪಾಯಸಾನಾ?"

"ಸಾರು."

"ಸಾರಿಗೆ ಯಾಕೆ ಹೀಗೆ ಮಾಡ್ದೆ?"

ಇಷ್ಟೇ ನಡೆದದ್ದು. ಆದರೆ ನಾಲ್ಕು ದಿನ ಬೇಕಾದಷ್ಟೇ ಮಾತು. ಬಸ್ ಬಂತು. ಹೂಂ. ಕೀ ಎಲ್ಲಿ? ಅಲ್ಲಿ. ಐದನೇ ದಿನ ಒಬ್ಬ ಅಮ್ಮನ ಮನೆಯಲ್ಲಿ ಪಾಠ ಮಾಡುತ್ತಿದ್ದೆವು. ಅವನು ಹೇಳಿದ್ದಕ್ಕೆ ನಾನು ತಲೆಯಾಡಿಸಲಿಲ್ಲ, ನಾನು ಹೇಳುವಾಗ ಅವನು ಕಿಟಕಿ ನೋಡುತ್ತಿದ್ದ. ಆಕೆ ಮಧ್ಯದಲ್ಲೇ ಕೇಳಿದರು: "ಏಂ ಬಾಬೂ, ಇದ್ದರೂ ಕೊಟ್ಟುಕುನ್ನಾರಾ?" ಕನ್ನಡದ ಕಿವಿಗೆ 'ಕೊಟ್ಟು' ಅಂದ್ರೆ ಏನೋ ಕೊಟ್ಟ ಹಾಗೆ. ತೆಲುಗಿನಲ್ಲಿ ಕೊಟ್ಟು ಅಂದ್ರೆ ಹೊಡಿ. ಇಬ್ಬರೂ ಹೊಡೆದಾಡಿದ್ರಾ ಅಂತ ಅವರು ಕೇಳಿದ್ದು. ನಾನು ಅರ್ಥ ಆಗದೆ "ಹೌದಮ್ಮ, ಇಬ್ಬರೂ" ಅಂತ ನಗುನಗುತ್ತಾ ಒಪ್ಪಿಕೊಂಡೆ. ಜೊತೆಗಾರನಿಗೆ ಅಷ್ಟು ತೆಲುಗು ಬರುತ್ತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ.

ವಾರಕ್ಕೊಮ್ಮೆ ಯೋಜನೆಗೆ ಕೂರುವಾಗ ಕೊನೆಯಲ್ಲಿ ಕಂಪ್ಯಾನಿಯನ್ ಇನ್ವೆಂಟರಿ ಅಂತ ಒಂದಿರುತ್ತೆ. ಜೊತೆಯಾಗಿ ಕೆಲಸ ಹೇಗೆ ನಡೀತಿದೆ ಅಂತ ಇಬ್ಬರೂ ಮುಖಾಮುಖಿ ಮಾತಾಡಬೇಕು. ಬಹಳ ಜನ "ಎಲ್ಲಾ ಚೆನ್ನಾಗಿದೆ" ಅಂತ ಎರಡು ನಿಮಿಷಕ್ಕೆ ಮುಗಿಸುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು. ಆ ವಾರ ನಾನು ಬೆಲ್ಲದ ಮಾತು ತೆಗೆದೆ. ಅವನು ಅಂದ, "ಬೆಲ್ಲ ಬಿಡು. ರಾತ್ರಿ ಹತ್ತೂವರೆ ಆದ ತಕ್ಷಣ ಹಾಸ್ಟೆಲ್ ವಾರ್ಡನ್ ಥರ ಲೈಟ್ ಆರಿಸ್ತೀಯಲ್ಲ, ನಾನು ಡೈರಿ ಬರೀತಾ ಇದ್ದರೂ. ಅದು." ನನಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಲೈಟ್ ಅವನ ಕೈಗೆ ಹೋಯಿತು. ಬೆಲ್ಲ ನನ್ನ ತಟ್ಟೆಯ ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಬಂತು.

ಹಾಗಾಗಿ, ಹೊಸ ಜೊತೆಗಾರ ಬಂದ ಮೊದಲ ರಾತ್ರಿಯೇ ಇವನ್ನು ಕೇಳಿಬಿಡಿ: ನಿದ್ದೆ ಹೇಗೆ, ಅಡುಗೆ ಯಾರದು ಯಾವತ್ತು, ಕೋಪ ಬಂದರೆ ನಿನ್ನನ್ನು ಸುಮ್ನೆ ಬಿಡಬೇಕಾ ಮಾತಾಡಿಸಬೇಕಾ. ಮೂರನೆಯದಕ್ಕೆ ಯಾರೂ ಸರಿಯಾಗಿ ಉತ್ತರ ಹೇಳಲ್ಲ, ಆದರೂ ಕೇಳಿ. ಇನ್ವೆಂಟರಿಯಲ್ಲಿ "ನೀನು ಯಾವಾಗಲೂ" ಅಂತ ಶುರು ಮಾಡಬೇಡಿ. "ನಾನು ಮಾಡೋದರಲ್ಲಿ ನಿನಗೆ ಯಾವುದು ಕಷ್ಟ?" ಅಂತ ಕೇಳಿ, ಕೇಳಿದ ಮೇಲೆ ಒಂದು ನಿಮಿಷ ಬಾಯಿ ಮುಚ್ಚಿಕೊಳ್ಳಿ. ಆ ಒಂದು ನಿಮಿಷ ಬಹಳ ಉದ್ದ.

ಬೆಲ್ಲದಂಥ ಜಗಳ ಬೇರೆ. ಜೊತೆಗಾರ ಕೈ ಮಾಡಿದರೆ, ಹೆದರಿಸಿದರೆ, ರಾತ್ರಿ ಎದ್ದು ಹೊರಗೆ ಹೋಗುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಮಿಷನ್ ಪ್ರೆಸಿಡೆಂಟ್, ಅಂದ್ರೆ ಆ ಮಿಷನ್‌ನ ಮಿಷನರಿಗಳನ್ನೆಲ್ಲ ನೋಡಿಕೊಳ್ಳುವವರಿಗೆ ಅಂದೇ ಫೋನ್ ಮಾಡಿ. ಅದು ಚಾಡಿ ಅಲ್ಲ.

ಜನರ ಮನೆಯಲ್ಲಿ

ಮೊದಲ ಕಷ್ಟ ಕಾಫಿ. 1833ರಿಂದ ನಮ್ಮಲ್ಲಿ ಆರೋಗ್ಯದ ಒಂದು ನಿಯಮವಿದೆ. ಮದ್ಯ, ತಂಬಾಕು, ಕಾಫಿ, ಟೀ ಮುಟ್ಟಲ್ಲ. ದಕ್ಷಿಣ ಭಾರತದಲ್ಲಿ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಅವಮಾನ, ಕೊಟ್ಟದ್ದನ್ನು ಬೇಡ ಅನ್ನುವುದು ಅದಕ್ಕಿಂತ ದೊಡ್ಡದು. ಇದಕ್ಕೆ ಒಂದೇ ದಾರಿ. ಮನೆಯವರು ಒಳಗೆ ಹೋಗಿ ಒಲೆ ಹಚ್ಚುವ ಮುಂಚೆ ಹೇಳಿಬಿಡಬೇಕು. ಕೂತ ತಕ್ಷಣ "ಅಮ್ಮ, ಬಿಸಿಲು ಜಾಸ್ತಿ, ಒಂದು ಲೋಟ ಮಜ್ಜಿಗೆ ಇದೆಯಾ?" ಅಂತ ನೀವೇ ಕೇಳಿ. ಕೇಳಿ ಪಡೆದರೆ ಅವರಿಗೂ ಖುಷಿ. ಲೋಟ ಎದುರಿಗೆ ಬಂದ ಮೇಲೆ ನಿಯಮ ವಿವರಿಸಲು ಹೊರಟರೆ ಅದು ಎಷ್ಟೇ ನಯವಾಗಿ ಹೇಳಿದರೂ ನಿಮ್ಮ ಮನೆಯ ಕಾಫಿ ಕೆಟ್ಟದ್ದು ಅಂದ ಹಾಗೇ ಕೇಳುತ್ತೆ.

ಎರಡನೆಯದು ಸ್ವಲ್ಪ ಗಂಭೀರ. ನಮ್ಮ ದೇಶದಲ್ಲಿ ಮತಾಂತರ ಸೂಕ್ಷ್ಮ ವಿಷಯ, ಕೆಲವು ರಾಜ್ಯಗಳಲ್ಲಿ ಬಿಗಿಯಾದ ಕಾನೂನೂ ಇದೆ. ಅಮೆರಿಕದ ಸಿನಿಮಾದಲ್ಲಿ ತೋರಿಸುವ ಹಾಗೆ ಸಿಕ್ಕ ಬಾಗಿಲನ್ನೆಲ್ಲ ಬಡಿಯುತ್ತಾ ಹೋಗುವ ಕೆಲಸ ಇಲ್ಲಿ ಬೇಡ. ನಾವು ಹೋಗುತ್ತಿದ್ದುದು ಸದಸ್ಯರು ಪರಿಚಯ ಮಾಡಿಸಿದ ಮನೆಗಳಿಗೆ, ಅವರೇ ಕರೆದಾಗ. ದುಡ್ಡು, ಕೆಲಸ, ಶಾಲೆಯ ಸೀಟು ಅಂತ ಯಾವ ಆಸೆಯನ್ನೂ ತೋರಿಸಬಾರದು. ತಮಾಷೆಗೂ ಬೇಡ. ಯಾರ ದೇವರ ಬಗ್ಗೆಯೂ ಹಗುರವಾಗಿ ಮಾತಾಡಬೇಡಿ. ಚಿಕ್ಕ ವಯಸ್ಸಿನವರು ಆಸಕ್ತಿ ತೋರಿಸಿದರೆ ಮೊದಲು ಅಪ್ಪ ಅಮ್ಮನ ಒಪ್ಪಿಗೆ. ಬರಬೇಡಿ ಅಂದರೆ ಹೋಗಬೇಡಿ. ಇದರಲ್ಲಿ ಜಾಣತನ ತೋರಿಸಲು ಹೋಗಿ ತಾನೂ ಸಿಕ್ಕಿಹಾಕಿಕೊಂಡು, ಮನೆ ತೆರೆದ ಕುಟುಂಬವನ್ನೂ ಸಿಕ್ಕಿಸಿದವನನ್ನು ನಾನು ನೋಡಿದ್ದೇನೆ.

ಬೋಧನೆಗಿಂತ ಸೇವೆ ಜಾಸ್ತಿ ನೆನಪಲ್ಲಿ ಉಳಿಯುತ್ತೆ. ಮಳೆ ನೀರು ನುಗ್ಗಿದ ಮನೆಯ ಕೆಸರು ಬಾಚಿದ್ದು, ಮನೆ ಬದಲಿಸುವವರ ಬೀರು ಮೂರು ಮಹಡಿ ಇಳಿಸಿದ್ದು, ಒಬ್ಬ ತಾತನಿಗೆ ವಾರವಾರ ದಿನಪತ್ರಿಕೆ ಓದಿದ್ದು. ತೆಲುಗು ಓದಲು ಬರುತ್ತಿತ್ತು, ಅರ್ಥ ಅಷ್ಟಕ್ಕಷ್ಟೇ. ತಾತ ಮಧ್ಯೆ ಮಧ್ಯೆ ನಿಲ್ಲಿಸಿ ನನಗೇ ಅರ್ಥ ಹೇಳುತ್ತಿದ್ದರು. ಯಾರು ಯಾರಿಗೆ ಸೇವೆ ಮಾಡಿದರೋ.

ಸೋಮವಾರ

ವಾರಕ್ಕೊಂದು ದಿನ ಪಿ-ಡೇ, ಅಂದ್ರೆ ಸಿದ್ಧತೆಯ ದಿನ. ನಮಗೆ ಸೋಮವಾರ ಇತ್ತು. ಬಟ್ಟೆ ಒಗೆಯುವುದು, ದಿನಸಿ, ಕ್ಷೌರ, ಮನೆಗೆ ಕಾಗದ, ಸಂಜೆ ಆರಕ್ಕೆ ಮತ್ತೆ ಕೆಲಸ. ರಜೆ ಅಂದುಕೊಂಡು ಬೆಳಿಗ್ಗೆ ಉರುಳಾಡಿದರೆ ಮಂಗಳವಾರ ಒದ್ದೆ ಅಂಗಿ ಹಾಕಿಕೊಂಡು ಹೋಗಬೇಕಾಗುತ್ತೆ. ಬಟ್ಟೆ ಮೊದಲು, ಬೇರೆ ಎಲ್ಲ ಆಮೇಲೆ.

ಮನೆಗೆ ಫೋನ್ ಮಾಡಲು ಮುಂಚೆ ವರ್ಷಕ್ಕೆ ಎರಡೇ ದಿನ ಇತ್ತು. ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರವರಿಯಲ್ಲಿ ವಾರವಾರ ಮಾತಾಡಬಹುದು ಅಂತ ಹೊಸ ನಿಯಮ ಬಂತು. ಆ ಸೋಮವಾರ ನಾನು ಖುಷಿಯಿಂದ ಫೋನ್ ಮಾಡಿದರೆ ಅಮ್ಮ ಎತ್ತಿದ ತಕ್ಷಣ "ಏನಾಯ್ತೋ? ಯಾವ ಆಸ್ಪತ್ರೇಲಿದ್ದೀಯ?" ಅಂತ ಅಳಲು ಶುರು ಮಾಡಿದರು. ಕ್ರಿಸ್‌ಮಸ್ ಅಲ್ಲದ ದಿನ ಫೋನ್ ಬಂದರೆ ಪಾಪ ಅವರು ಇನ್ನೇನು ತಿಳಿದುಕೊಳ್ಳಬೇಕು? ಈಗ ಹೊರಡುವವರಿಗೆ ಬೇರೆ ಥರದ ಸಮಸ್ಯೆ ಇದೆ. ಪ್ರತಿ ವಾರ ಒಂದೂವರೆ ಗಂಟೆ ಮಾತಾಡಿ ಮಂಗಳವಾರ ಇಡೀ ದಿನ ಮನಸ್ಸು ಮನೆಯಲ್ಲೇ ಇರುತ್ತೆ. ಅರ್ಧ ಗಂಟೆ ಸಾಕು. ಇದು ನನ್ನ ಅಭಿಪ್ರಾಯ, ನಿಯಮ ಅಲ್ಲ.

ಮೈಗೆ, ಮನಸ್ಸಿಗೆ ಆಗದಿದ್ದರೆ

ಕುದಿಸಿದ ನೀರು, ಓಆರ್‌ಎಸ್ ಪೊಟ್ಟಣ, ಕೊಡೆ. ಜ್ವರ ಎರಡು ದಿನ ದಾಟಿದರೆ ಹೇಳಿ, ಹೀರೋ ಆಗಬೇಡಿ. ಮನಸ್ಸಿನದು ಇನ್ನೂ ಬೇಗ ಹೇಳಿ. ನಿದ್ದೆ ಬರಲ್ಲ, ಊಟ ಸೇರಲ್ಲ, ಎದ್ದು ಶೂ ಹಾಕಿಕೊಳ್ಳುವುದೇ ಬೆಟ್ಟ ಹತ್ತಿದ ಹಾಗೆ ಅನ್ನಿಸಿದರೆ ಅದು ನಂಬಿಕೆ ಕಮ್ಮಿಯಾದದ್ದಲ್ಲ, ಕಾಯಿಲೆ ಇರಬಹುದು. ಮಿಷನ್ ಪ್ರೆಸಿಡೆಂಟ್‌ಗೆ ಪ್ರತಿ ವಾರ ಬರೆಯುವ ಪತ್ರ ಇದಕ್ಕೂ ಇದೆ. ಮನೆಯಲ್ಲೇ ಇದ್ದು ಮಾಡುವ ಸೇವಾ ಮಿಷನ್ ಕೂಡ ಉಂಟು. ಬೇಗ ವಾಪಸ್ಸು ಬಂದ ಹುಡುಗನನ್ನು ಭಾನುವಾರ ಜನ ಒಂಥರಾ ನೋಡುತ್ತಾರೆ. ಆ ನೋಟ ತಪ್ಪು. ನೋಡುವವರೇ ಸ್ವಲ್ಪ ಕಣ್ಣು ತಿರುಗಿಸಿಕೊಳ್ಳಲಿ.

ವಾಪಸ್ಸು ಬಂದ ಮೇಲೆ

ಕೊನೇ ತಿಂಗಳು ಮನಸ್ಸು ಪೆಟ್ಟಿಗೆ ಕಟ್ಟಲು ಶುರು ಮಾಡುತ್ತೆ. ನಮ್ಮ ಭಾಷೆಯಲ್ಲಿ ಅದಕ್ಕೆ 'ಟ್ರಂಕಿ' ಅಂತಾರೆ. ಜೊತೆಗಾರನಿಗೆ ಅದು ಗೊತ್ತಾಗಿಬಿಡುತ್ತೆ, ಪಾಪ ಅವನಿಗೆ ಇನ್ನೂ ಒಂದು ವರ್ಷ ಇರುತ್ತೆ. ಅವನ ಎದುರು ದಿನ ಎಣಿಸಬೇಡಿ.

ಊರಿಗೆ ಬಂದ ಮೊದಲ ವಾರ ಒಬ್ಬನೇ ಹಾಲು ತರಲು ಹೋದರೂ ಏನೋ ಮರೆತ ಹಾಗೆ ಹಿಂದೆ ತಿರುಗಿ ನೋಡುತ್ತೀರಿ. ಅದು ಹೋಗಲು ನನಗೆ ಒಂದು ತಿಂಗಳು ಬೇಕಾಯಿತು.

ಕಾಲೇಜಿಗೆ ಸೇರುವವರು ಒಂದು ವಿಷಯ ನೆನಪಿಡಿ. 2 ವರ್ಷ ಖಾಲಿ ಬಿಟ್ಟದ್ದಕ್ಕೆ ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತಾರೆ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಸಭೆಯಿಂದ ಸೇವೆಯ ಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ಸಾಧ್ಯವಾದರೆ ಹೊರಡುವ ಮುಂಚೆಯೇ ಕಾಲೇಜಿನಲ್ಲಿ ವಿಚಾರಿಸಿ. ನನಗೆ ಕೌಂಟರಿನಲ್ಲಿ ಕೂತವರು ಕೇಳಿದರು, "ಎರಡು ವರ್ಷ ಏನಪ್ಪಾ ಮಾಡ್ತಿದ್ದೆ?" ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ "ರಾಜಮಂಡ್ರಿಯಲ್ಲಿದ್ದೆ ಸರ್" ಅಂದೆ. "ಅಡ್ರೆಸ್ ಅಲ್ಲ, ಕಾರಣ ಬರಿ" ಅಂತ ಫಾರಂ ವಾಪಸ್ಸು ತಳ್ಳಿದರು. ಕಾರಣ ಬರೆಯುವ ಜಾಗ ಒಂದೇ ಗೆರೆ ಇರುತ್ತೆ. 'ಧಾರ್ಮಿಕ ಸೇವೆ' ಅಂತ ಬರೆಯಿರಿ, ಸಾಕು.